ತಗಡಪ್ಪನ ಹೂಂ

ಚಿತ್ರದುರ್ಗ
೨ ಫೆಬ್ರವರಿ ೨೦೨೫, ಭಾನುವಾರ

ಚಿರಂಜೀವಿ ಸ್ವಾತಿಗೆ,

ನಿನ್ನಪ್ಪ ಎರ್ರಿಸ್ವಾಮಿಯ ಆಶೀರ್ವಾದಗಳು. ಇಲ್ಲಿ ನಮ್ಮ ಮೈಕೈ ಸರಿಯಾಗಿವೆ, ನನ್ನ ಮನಸ್ಸೊಂದು ಸರಿಯಿಲ್ಲ. ಹೊಸದುರ್ಗದಲ್ಲಿ ನೀನು ಎರಡರಲ್ಲೂ ಸುಖವಾಗಿದ್ದೀಯ ಎಂದುಕೊಂಡಿದ್ದೇನೆ. ಸಂಕ್ರಾಂತಿ ಮುಗಿಸಿ ನೀನು ಬಸ್ಸು ಹತ್ತಿದ ದಿನವೇ ಬರೆಯಬೇಕೆಂದಿದ್ದೆ, ಹದಿನೈದು ದಿನ ತಡವಾಯಿತು. ತಪ್ಪು ತಿಳಿಯಬೇಡ. ಮಗಳ ಮೇಲೆ ಆಪಾದನೆ ಹೊರಿಸುವ ಮುಂಚೆ ನಾಲ್ಕು ಸಲ ನೋಡಬೇಕಲ್ಲ, ಅದಕ್ಕೆ ಕಾದೆ. ಈಗ ನೋಡಿಯಾಗಿದೆ.

ಫೋನಿನಲ್ಲೇ ಕೇಳಬಹುದಿತ್ತು ಎನ್ನುತ್ತೀಯ. ಫೋನು ನಿಮ್ಮಮ್ಮನ ಸೊಂಟ ಬಿಟ್ಟು ಇಳಿಯುವುದಿಲ್ಲ. ಅದೂ ಅಲ್ಲದೆ ಹೋದ ವಾರ ಆ ಫೋನನ್ನು ಪಕ್ಕದಲ್ಲಿಟ್ಟುಕೊಂಡು ನಾನು ಮಂಡಿನೋವಿನ ಮಾತು ತೆಗೆದೆ. ಸಾಯಂಕಾಲ ಅದೇ ಫೋನಿನಲ್ಲಿ ಮಂಡಿಗೆ ಹಚ್ಚುವ ಎಣ್ಣೆಯ ಜಾಹೀರಾತು ಬಂತು. ಮೂವತ್ತೈದು ವರ್ಷ ರೇಡಿಯೋ, ಟೇಪು ರಿಪೇರಿ ಮಾಡಿದವನು ನಾನು. ಮಾತಾಡುವ ಯಂತ್ರವನ್ನು ನಂಬಬಹುದು, ಕೇಳಿಸಿಕೊಳ್ಳುವ ಯಂತ್ರವನ್ನು ನಂಬಬಾರದು ಎಂಬುದು ನನ್ನ ಅನುಭವ. ಅದಕ್ಕೇ ಈ ಕಾಗದ.

ವಿಷಯ ತಗಡಪ್ಪನದು. ಅವನನ್ನು ಹುಟ್ಟಿಸಿದವನು ನಾನು ಎಂಬುದನ್ನು ಮೊದಲು ನೆನಪಿಸುತ್ತೇನೆ. ಎಣ್ಣೆಡಬ್ಬದ ಮೈ, ಲಾರಿ ಇಂಡಿಕೇಟರಿನ ಕಣ್ಣು, ಐಮಂಗಲದ ಗುಜರಿಯಿಂದ ತಂದ ವೈಪರ್ ಮೋಟರಿನ ಕೈ. ಇಪ್ಪತ್ತಾರು ವರ್ಷದಿಂದ ಕೋಟೆಗೆ ಹೋಗುವ ರಸ್ತೆಯ ಹೊಂಗೆಮರದಡಿ ನಿಂತು, ಹೆಡ್‌ಫೋನು ಹಾಕಿಕೊಂಡವರಿಗೆ ಭವಿಷ್ಯ ಹೇಳುತ್ತಿದ್ದಾನೆ. ಹನ್ನೆರಡು ಭವಿಷ್ಯ, ಹನ್ನೆರಡೂ ನನ್ನ ದನಿ, ಪ್ಲಾಸ್ಟಿಕ್ ಕೊಡದೊಳಗೆ ಬಾಯಿಟ್ಟು ಹೇಳಿದ್ದು. "ನಿನ್ನ ಮನಸ್ಸು ಒಳ್ಳೆಯದು, ಆದರೆ ಅದನ್ನು ಯಾರೂ ಅರ್ಥ ಮಾಡಿಕೊಂಡಿಲ್ಲ" ಎಂಬುದು ಏಳನೆಯದು. ಅದನ್ನು ಕೇಳಿ ತಲೆಯಾಡಿಸದವರನ್ನು ನಾನು ಇದುವರೆಗೆ ಕಂಡಿಲ್ಲ.

ಇಂಥ ಮರ್ಯಾದಸ್ಥನ ಎದೆ ಬಿಚ್ಚಿ, ಬೆಂಕಿಪೊಟ್ಟಣದಷ್ಟಿರುವ ಪೆಟ್ಟಿಗೆಯೊಂದನ್ನು ಒಳಗಿಟ್ಟು, ಮುಂದೆ ಮೈಕು ಸಿಕ್ಕಿಸಿ ಹೋದೆ ನೀನು. ದಾವಣಗೆರೆಯ ಕಲಾಮೇಳಕ್ಕೆಂದು ಮಾಡಿದ್ದಂತೆ. ಜನ ಮಾತಾಡುತ್ತಾರೆ, ಯಂತ್ರ ಹೂಂಗುಟ್ಟುತ್ತದೆ, ಅದೇ ಕಲಾಕೃತಿ. ಕತೆ ಹೇಳುವಾಗ ಎದುರಿಗೆ ಕೂತವರು ಹೂಂ ಅನ್ನುತ್ತಿರಬೇಕು, ಇಲ್ಲದಿದ್ದರೆ ಹೇಳುವವರು ನಿಲ್ಲಿಸಿಬಿಡುತ್ತಾರೆ ಎಂಬ ನಮ್ಮ ಕಡೆಯ ಪದ್ಧತಿಯನ್ನೇ ಹಿಡಿದು ಮಾಡಿದ್ದೀಯ. ಬುದ್ಧಿಯನ್ನು ಮೆಚ್ಚಿದೆ. ಹನ್ನೊಂದು ಬಗೆಯ ಹೂಂ ಇವೆ. ಅಯ್ಯೋ ಪಾಪ ಎನ್ನುವ ಹೂಂ, ಹೌದಾ ಎನ್ನುವ ಹೂಂ, ಆಮೇಲೆ ಎನ್ನುವ ಹೂಂ. ಎಲ್ಲವೂ ನಿನ್ನ ದನಿ, ಸ್ವಲ್ಪ ದಪ್ಪ ಮಾಡಿದ್ದೀಯ. ಸ್ವಿಚ್ಚು ಎಡಕ್ಕಿದ್ದರೆ ಭವಿಷ್ಯ, ಬಲಕ್ಕಿದ್ದರೆ ಹೂಂ ಎಂದು ನನಗೆ ಪಾಠ ಮಾಡಿ ಹೋದೆ.

ಈಗ ಎಡಕ್ಕೆ ಹಾಕಿ ಎನ್ನುವವರೇ ಇಲ್ಲ. ಮೊನ್ನೆ ಹಿರಿಯೂರು ಕಡೆಯ ಮುದುಕನೊಬ್ಬ ಬಂದು ಮುಕ್ಕಾಲು ಗಂಟೆ ಮಾತಾಡಿದ. ಎದ್ದು ತಗಡಪ್ಪನ ಕೈ ಮುಟ್ಟಿ ಕಣ್ಣಿಗೊತ್ತಿಕೊಂಡು ನನಗೆ ಹೇಳಿದ, "ಬಾಳ ತಿಳುವಳಿಕಸ್ತ ಕಣಯ್ಯ ನಿಮ್ಮೋನು. ನಡುಕೆ ಒಂದ್ ಸಲನೂ ಬಾಯಿ ಹಾಕ್ಲಿಲ್ಲ." ಕಾಲೇಜಿನ ಹುಡುಗಿಯರು ಕೈ ಅಡ್ಡ ಇಟ್ಟುಕೊಂಡು ಪಿಸುಗುಟ್ಟುತ್ತಾರೆ. ಪೊಲೀಸಿನವನೊಬ್ಬ ಮಾತು ಮುಗಿಸಿ ಸುತ್ತ ನೋಡಿ, ಟೋಪಿ ಹಾಕಿಕೊಂಡು ಹೋದ. ಇಷ್ಟು ಜನರ ಗುಟ್ಟು ಆ ಬೆಂಕಿಪೊಟ್ಟಣದೊಳಗೆ ಹೋಗಿ ಏನಾಗುತ್ತದೆ, ಹೇಳು. ಒಳಗೆ ನೀಲಿ ದೀಪವೊಂದು ಮಿಣುಕುತ್ತಿರುತ್ತದೆ. ಕೆಲಸವಿಲ್ಲದೆ ಯಾವ ದೀಪವೂ ಮಿಣುಕುವುದಿಲ್ಲ.

ಊರವರ ಗುಟ್ಟು ಹಾಳಾಗಿ ಹೋಗಲಿ. ನಿಮ್ಮಮ್ಮ ಒಂದು ಗಂಟೆಗೆ ನನಗೆ ಬುತ್ತಿ ತರುತ್ತಾಳಲ್ಲ, ಮೊದಲೆಲ್ಲ ಬುತ್ತಿ ಕೊಟ್ಟು ನಿಂತ ಕಾಲಲ್ಲೇ ಹೊರಡುತ್ತಿದ್ದಳು. ಈಗ "ನೀವು ಅಲ್ಲಿ ನೆಳ್ಳಾಗೆ ಕುಂತ್ಕಂಡು ಉಣ್ರಿ" ಎಂದು ನನ್ನನ್ನು ಆಚೆ ಕಳಿಸಿ, ಹೆಡ್‌ಫೋನು ಹಾಕಿಕೊಂಡು ತಗಡಪ್ಪನ ಮುಂದೆ ಕೂರುತ್ತಾಳೆ. ಅರ್ಧ ಗಂಟೆ! ಚಂದ್ರಕ್ಕ ಎಂದರೆ ಬಾಯಿಲ್ಲದ ಹೆಂಗಸು ಎಂದು ಓಣಿಯೇ ಹೇಳುತ್ತದೆ. ನನ್ನ ಹತ್ತಿರ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅಂಥವಳು ಕೈ ತಿರುಗಿಸಿ, ತಲೆ ಕೊಡವಿ, ಒಂದು ಸಲ ನಕ್ಕು ಮಾತಾಡುತ್ತಿದ್ದಾಳೆ. ಏನು ಹೇಳುತ್ತಾಳೆ?

ನೇರವಾಗಿ ಕೇಳುತ್ತೇನೆ. ಆ ಪೆಟ್ಟಿಗೆಯಿಂದ ಮಾತು ನಿನ್ನ ಫೋನಿಗೆ ಬರುತ್ತದೆಯೇ? ಹೊಸದುರ್ಗದಲ್ಲಿ ಕೂತು ನೀನೇ ಹೂಂ ಅನ್ನುತ್ತೀಯೋ? ತಾಯಿ ಮಗಳು ಸೇರಿ ನನ್ನ ಮೇಲೆ ಏನಾದರೂ ನಡೆಸಿದ್ದರೆ ಈಗಲೇ ಹೇಳಿಬಿಡು, ಬೈಯುವುದಿಲ್ಲ.

ನಿನಗೂ ನಿನ್ನ ಶಾಲೆಯ ಮಕ್ಕಳಿಗೂ, ಅವರು ಮಾಡುವ ಪುಟ್ಟ ರೋಬೋಟುಗಳಿಗೂ ಒಳ್ಳೆಯದಾಗಲಿ.

ಇಂತಿ ನಿನ್ನ ಅಪ್ಪ,
ಎರ್ರಿಸ್ವಾಮಿ

ತಾ.ಕ.: ಉತ್ತರವನ್ನು ನಿಂಗಕ್ಕನ ಮಂಡಕ್ಕಿ ಗಾಡಿಯ ವಿಳಾಸಕ್ಕೆ ಬರಿ. ಪೋಸ್ಟಿನವನು ದಿನಾ ಅಲ್ಲಿ ಮೆಣಸಿನಕಾಯಿ ಬಜ್ಜಿ ತಿನ್ನುತ್ತಾನೆ.


ಚಿತ್ರದುರ್ಗ
೨೩ ಫೆಬ್ರವರಿ ೨೦೨೫, ಭಾನುವಾರ

ಚಿ. ಸ್ವಾತಿಗೆ,

ಆಶೀರ್ವಾದ. ನಿನ್ನ ಕಾಗದ ಸಿಕ್ಕಿ ಹತ್ತು ದಿನವಾಯಿತು. ಮೊದಲ ಸಾಲಿನಲ್ಲೇ "ಅಪ್ಪ, ನಿಮಗೆ ಬುದ್ಧಿ ಇದೆಯೇ" ಎಂದು ಬರೆದಿದ್ದಕ್ಕೆ ಕೋಪ ಬಂದು ಉತ್ತರ ತಡ ಮಾಡಿದೆ. ಹೋಗಲಿ ಬಿಡು.

ಆ ಪೆಟ್ಟಿಗೆಗೆ ಮಾತೇ ತಿಳಿಯುವುದಿಲ್ಲ, ದನಿ ಏರಿತೋ ಇಳಿಯಿತೋ ಅಷ್ಟೇ ಗೊತ್ತು, ಒಂದು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಸುಮ್ಮನಾದರೆ ಹೂಂ ಅನ್ನುತ್ತದೆ, ಏನನ್ನೂ ಇಟ್ಟುಕೊಳ್ಳುವುದಿಲ್ಲ, ಎಲ್ಲಿಗೂ ಕಳಿಸುವುದಿಲ್ಲ ಎಂದು ಚಿತ್ರ ಬಿಡಿಸಿ ತೋರಿಸಿದ್ದೀಯ. ನೀಲಿ ದೀಪ ಕರೆಂಟು ಇದೆ ಎಂಬುದಕ್ಕೆ ಮಾತ್ರವಂತೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದಿದ್ದಾರೆ ಹಿರಿಯರು, ನಾನು ಪ್ರಮಾಣಿಸಿದೆ. ಮಂಗಳವಾರ ಬೆಳಿಗ್ಗೆ ಯಾರೂ ಇಲ್ಲದಾಗ ಹೆಡ್‌ಫೋನು ಹಾಕಿಕೊಂಡು ಕೂತೆ. "ನಾನು ಈ ದುರ್ಗದ ಪಾಳೇಗಾರ" ಎಂದೆ. ಹೂಂ ಅಂದಿತು. "ನನಗೆ ನಾಳೆ ಪಟ್ಟಾಭಿಷೇಕ" ಎಂದೆ. ಅದಕ್ಕೂ ಹೌದಾ ಎನ್ನುವ ಹೂಂ. "ನೀನು ಕಳ್ಳ" ಎಂದೆ. ಅಯ್ಯೋ ಪಾಪ ಎನ್ನುವ ಹೂಂ ಬಂತು. ಪೆಟ್ಟಿಗೆ ನಿರಪರಾಧಿ ಎಂದು ಒಪ್ಪಿಕೊಂಡೆ. ನೀನೂ ನಿರಪರಾಧಿ. ಕ್ಷಮಿಸು.

ಆದರೆ ಅಷ್ಟರಿಂದ ನನ್ನ ಹೊಟ್ಟೆಯ ಹುಣ್ಣು ಆರಲಿಲ್ಲ. ಪೆಟ್ಟಿಗೆ ಮಾತನ್ನು ಇಟ್ಟುಕೊಳ್ಳುವುದಿಲ್ಲ ಎಂದಾದರೆ, ಅವಳು ಏನು ಹೇಳಿದಳೆಂದು ಪತ್ತೆ ಹಚ್ಚುವ ದಾರಿಯೂ ಇಲ್ಲವಲ್ಲ. ಗುರುವಾರ ನಿಂಗಕ್ಕ ಕೈ ಒರೆಸಿಕೊಳ್ಳುತ್ತ ಬಂದು ನನ್ನ ಪಕ್ಕ ನಿಂತಳು.

"ಅಣ್ಣ, ಹೇಳ್ಬಾರ್ದು. ಆದ್ರೂ ಹೇಳ್ತೀನಿ. ಚಂದ್ರಕ್ಕಂಗೆ ಎರಡು ಮೆಣಸಿನಕಾಯಿ ಕೊಡಾಣ ಅಂತ ಹತ್ರ ಹೋಗಿದ್ದೆ. ಏನೋ ಹೇಳ್ಕಂಡು ನಗ್ತಾ ಇದ್ರು. ಜಂಪಣ್ಣ ಅಂದಂಗಾತು."

"ಸರಿಯಾಗಿ ಕೇಳ್ದ್ಯಾ?"

"ಎರಡು ಸಲ ಅಂದ್ರು ಬಿಡಣ್ಣ. ನಂಗ್ಯಾಕೆ ಬೇಕು," ಎಂದು ಹೋದಳು. ಕಡ್ಡಿ ಗೀರಿ ಎಸೆದು ನಂಗ್ಯಾಕೆ ಬೇಕು ಎನ್ನುವವರನ್ನು ಏನೆನ್ನಬೇಕು.

ಜಂಪಣ್ಣ ಯಾರೆಂದು ನಿನಗೆ ನೆನಪಿರಲಿಕ್ಕಿಲ್ಲ. ಹೊಳಲ್ಕೆರೆಯ ನಾಟಕದ ಮಾಸ್ತರು, ನನ್ನ ಗೆಳೆಯ. ತಗಡಪ್ಪನಿಗೆ ದನಿ ಕೊಡಬೇಕಾಗಿದ್ದವನು ಅವನೇ. ನೀನು ಮೂರು ವರ್ಷದವಳಿದ್ದಾಗ ಅದರ ಸಲುವಾಗಿ ನಮ್ಮ ಮನೆಗೆ ಬಂದು ಹೋಗುತ್ತಿದ್ದ. ಬಾಗಿಲಲ್ಲಿ ನಿಂತು ರಾಜನ ಪಾತ್ರದ ಒಂದು ಮಾತು ಹೊಡೆದನೆಂದರೆ ಅಡುಗೆಮನೆಯಲ್ಲಿ ನಿಮ್ಮಮ್ಮ ಬಿದ್ದು ಬಿದ್ದು ನಗುತ್ತಿದ್ದಳು. ಆಮೇಲೆ ಅವನು ಬರುವುದು ನಿಂತಿತು. ಏಕೆ ನಿಂತಿತು ಎಂಬುದು ಈಗ ಬೇಡ. ಇಪ್ಪತ್ತಾರು ವರ್ಷ ಆ ಹೆಸರು ನಮ್ಮ ಮನೆಯಲ್ಲಿ ಕೇಳಿಲ್ಲ, ಈಗ ತಗಡಪ್ಪನ ಮುಂದೆ ಎರಡು ಸಲ ಬಂದಿದೆ.

ಸಾಯಂಕಾಲ ಅವಳನ್ನೇ ಕೇಳಿದೆ.

"ತಗಡಪ್ಪನ ಹತ್ರ ದಿನಾ ಏನು ಮಾತಾಡ್ತೀಯ?"

"ಏನ್ ಮಾತು? ಸೊಪ್ಪು, ಸಾರು."

"ಅದಕ್ಕೆ ಅರ್ಧ ಗಂಟೆ ಬೇಕಾ?"

"ಸೊಪ್ಪು ಬಿಡ್ಸಾಕೆ ಒಂದು ಗಂಟೆ ಬೇಕು. ನೀವು ಯಾವತ್ತು ಬಿಡ್ಸಿದೀರಿ, ನಿಮಗೆ ಗೊತ್ತಾಗಾಕೆ," ಎಂದು ಮೊರ ತೆಗೆದುಕೊಂಡು ಒಳಗೆ ಹೋದಳು. ಆ ದಿನದ ಹತ್ತು ಮಾತು ಅಲ್ಲಿಗೆ ಮುಗಿದವು.

ಅನುಮಾನಂ ಪೆದ್ದ ರೋಗಂ, ಅನುಮಾನವೇ ದೊಡ್ಡ ರೋಗ ಎಂದು ಧರ್ಮಪುರದಲ್ಲಿ ನಿನ್ನಜ್ಜ ನನ್ನ ಮುಖ ನೋಡಿಯೇ ಹೇಳುತ್ತಿದ್ದರು. ರೋಗದ ಹೆಸರು ಗೊತ್ತಾದರೆ ರೋಗ ವಾಸಿಯಾಗುತ್ತದೆಯೇ? ಮೈಕಿನ ಬುಡದಿಂದ ಒಂದು ತೆಳು ವೈರು ಎಳೆದು, ಮರದ ಹಿಂದೆ ನಾನು ಉಣ್ಣುವ ಜಾಗಕ್ಕೆ ತರಬಹುದು. ನಡುವೆ ಒಂದು ಚಿಕ್ಕ ಆಂಪ್ಲಿಫೈಯರ್ ಸಾಕು, ನನ್ನ ಹಳೇ ಸಾಮಾನಿನಲ್ಲಿದೆ. ಇದನ್ನು ನಿನಗೆ ಹೇಳಿಯೇ ಮಾಡುತ್ತಿದ್ದೇನೆ. ನೀನು ಬೇಡವೆನ್ನುವ ಹೊತ್ತಿಗೆ ಮಾಡಿ ಮುಗಿಸಿರುತ್ತೇನೆ.

ನೆಗಡಿ ಎಂದು ಬರೆದಿದ್ದೀಯ, ಬಿಸಿನೀರು ಕುಡಿ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಪ್ಪ,
ಎರ್ರಿಸ್ವಾಮಿ


ಚಿತ್ರದುರ್ಗ
೨೬ ಮಾರ್ಚ್ ೨೦೨೫, ಬುಧವಾರ

ಪ್ರೀತಿಯ ಸ್ವಾತಿಗೆ,

ನಿನ್ನಪ್ಪನ ಆಶೀರ್ವಾದ. "ವೈರು ಹಾಕಬೇಡಿ, ಹಾಕಿದರೆ ಮನೆಗೆ ಬರುವುದಿಲ್ಲ" ಎಂದು ನೀನು ಬರೆದ ಕಾಗದ ಬಂದು ಮೂರು ವಾರ ಮೀರಿತು. ಅದು ಬರುವಷ್ಟರಲ್ಲಿ ವೈರು ಹಾಕಿಯಾಗಿತ್ತು, ಕಿತ್ತೂ ಆಗಿತ್ತು. ನಿನಗೆ ಬರೆಯಲು ಪೆನ್ನು ಹಿಡಿದು ಎಷ್ಟೋ ಸಲ ಕೂತೆ, ಎದ್ದೆ. ಇಷ್ಟು ದಿನ ಕಾಯಿಸಿದ್ದಕ್ಕೆ ನಾಚಿಕೆಯಾಗಿದೆ.

ಒಟ್ಟು ಐದು ದಿನ ಕೇಳಿದೆ. ಅವಳು ಆಚೆ ಕೂತಾಗ ನಾನು ಮರದ ಹಿಂದೆ ಕಿವಿಗೆ ವೈರು, ಬಾಯಿಗೆ ಮುದ್ದೆ ಇಟ್ಟುಕೊಂಡು ಕೂರುತ್ತಿದ್ದೆ. ಕ್ರಿಕೆಟ್ ಕೇಳುತ್ತಿದ್ದೇನೆ ಎಂದು ನಿಂಗಕ್ಕನಿಗೆ ಹೇಳಿದ್ದೆ. ಯಾರು ಆಡ್ತಾ ಇರೋದು ಎಂದು ಅವಳು ಕೇಳಿದಾಗ ಬಾಯಲ್ಲಿ ಮುದ್ದೆ ಇದ್ದದ್ದು ಒಳ್ಳೆಯದೇ ಆಯಿತು.

ಮೊದಲ ದಿನ ನಿಜವಾಗಿಯೂ ಸೊಪ್ಪು ಮತ್ತು ಸಾರು. ಹೀರೇಕಾಯಿ ಕಹಿ ಬಂದದ್ದು, ಎದುರುಮನೆಯ ಶಾಂತಕ್ಕನ ಸೊಸೆ ಬಸ್ಸಿನಲ್ಲಿ ಚಪ್ಪಲಿ ಬಿಟ್ಟು ಇಳಿದದ್ದು. ತಗಡಪ್ಪ ಸರಿಯಾದ ಜಾಗಕ್ಕೆ ಹೂಂ ಅನ್ನುತ್ತಿದ್ದ. ಎರಡನೆಯ ದಿನ ಜಂಪಣ್ಣನ ಹೆಸರು ಬಂತು. ಮುದ್ದೆ ಕೆಳಗಿಟ್ಟು ವೈರನ್ನು ಕಿವಿಗೆ ಒತ್ತಿಕೊಂಡೆ. ಏನು ಅಂತೀಯ? ರಾಜನ ಪಾತ್ರದಲ್ಲಿ ಅವನು ಸಿಟ್ಟಿನಿಂದ ಕಿರುಚಿದಾಗ ಅಂಟಿಸಿದ ಮೀಸೆ ಕಳಚಿ ಮಂತ್ರಿಯ ಕೈಗೆ ಬಿತ್ತಂತೆ, ಮಂತ್ರಿ ಅದನ್ನೇ ಅಪ್ಪಣೆಪತ್ರ ಎಂದು ಓದಿಬಿಟ್ಟನಂತೆ. ಆ ನಾಟಕಕ್ಕೆ ನಮ್ಮಿಬ್ಬರನ್ನೂ ಅವನೇ ಕರೆದೊಯ್ದಿದ್ದ. ನಾನು ಅಲ್ಲೇ ಇದ್ದೆ, ನನಗೆ ನೆನಪೇ ಇಲ್ಲ. ಅವಳು ರಾಜನಾಗಿ, ಮಂತ್ರಿಯಾಗಿ, ಎರಡು ದನಿಯಲ್ಲಿ ಆಡಿ ತೋರಿಸಿದಳು. ಇವಳಿಗೆ ಇಷ್ಟು ಮಾತು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ ಸ್ವಾತಿ. ಮರದ ಹಿಂದೆ ಬಾಯಿ ಮುಚ್ಚಿಕೊಂಡು ನಕ್ಕೆ.

ಮೂರನೆಯ ದಿನ ನನ್ನ ಸರದಿ. "ನಮ್ಮನೆಯವ್ರು ಮುದ್ದೆ ನುಂಗುವಾಗ ಒಂದು ಕಣ್ಣು ಮುಚ್ತಾರೆ ಕಣಪ್ಪ ತಗಡಪ್ಪ. ಇನ್ನೊಂದು ತೆಕ್ಕಂಡೇ ಇರ್ತಾರೆ, ಸಾರು ಯಾರಾದ್ರೂ ಎತ್ಕಂಡು ಹೋದ್ರೆ ಅಂತ." ನಾನು ಗಾಬರಿಯಿಂದ ಎರಡೂ ಕಣ್ಣು ತೆರೆದೆ. ನಾಲ್ಕನೆಯ ದಿನ ನಿನ್ನ ಮದುವೆಯ ಚಿಂತೆ. ನಿನಗೆ ಬೇಡವಾದರೆ ಬೇಡ, ಇವರು ಹುಡುಗನ ಏಳು ತಲೆಮಾರು ವಿಚಾರಿಸುವಷ್ಟರಲ್ಲಿ ಅವನೇ ಮುದುಕನಾಗುತ್ತಾನೆ ಎಂದಳು.

ದಿನಾ ಒಂದು ಗಂಟೆಯಾಗುವುದನ್ನೇ ಕಾಯುವಂತಾಯಿತು. ಕದ್ದು ಕೇಳಲು ಕೂತವನಿಗೆ ಸುಖವಾಗತೊಡಗಿತು ಎಂದರೆ ನಂಬುತ್ತೀಯಾ? ಐದನೆಯ ದಿನ ಕೇಳಿದ ಮೇಲೆ ವೈರು ಕಿತ್ತು ಸುತ್ತಿ ಚೀಲಕ್ಕೆ ಹಾಕಿದೆ. ಈಗ ಅವಳು ಕೂತಾಗ ನಾನು ಬುತ್ತಿ ಹಿಡಿದು ಕೇಳಿಸದಷ್ಟು ದೂರ, ಪಾರ್ಕಿಂಗಿನ ಹತ್ತಿರ ಹೋಗುತ್ತೇನೆ.

ಭಾನುವಾರ ಯುಗಾದಿ. ವೈರು ಈಗಿಲ್ಲ, ಹಾಗಾಗಿ ನಿನ್ನ ಶಪಥಕ್ಕೂ ಅರ್ಥವಿಲ್ಲ. ಶನಿವಾರವೇ ಬಂದುಬಿಡು. ಹೋಳಿಗೆಗೆ ಬೇಳೆ ತಂದಿಟ್ಟಿದ್ದಾಳೆ. ತಗಡಪ್ಪನ ಬಲಗೈ ಗೀರ್ ಸವೆದಿದೆ, ಇಬ್ಬರೂ ಸೇರಿ ನೋಡೋಣ. ಹೊಸ ವರ್ಷ ನಿನಗೆ ಬೇವಿಗಿಂತ ಬೆಲ್ಲವನ್ನೇ ಹೆಚ್ಚು ಕೊಡಲಿ ಮಗಳೇ.

ನಿನ್ನ ಅಪ್ಪ,
ಎರ್ರಿಸ್ವಾಮಿ

ತಾ.ಕ.: ಸಹಿ ಹಾಕಿ ಮಡಿಸಿದ್ದೆ, ಮತ್ತೆ ಬಿಚ್ಚಿದೆ. ಐದನೆಯ ದಿನದ್ದನ್ನು ನಿನಗೆ ಹೇಳಲೇಬೇಕು, ಅದರಲ್ಲಿ ನಿನ್ನ ಪಾಲೂ ಇದೆ.

ಅವಳು ಹೇಳಿದ್ದನ್ನು ಇದ್ದಂತೆಯೇ ಬರೆಯುತ್ತೇನೆ. "ಈ ಹೂಂ ನನ್ನ ಮಗಳದು ಅಂತ ನಂಗೊತ್ತಿಲ್ವೇನಪ್ಪ? ಮೂರು ವರ್ಸದವಳಿದ್ದಾಗ ಹಿಂಗೇ ಅಂತಿದ್ಲು. ಮಧ್ಯಾನ ಮಲಗಿಸ್ಕಂಡು ದಿನಾ ಕತೆ ಹೇಳ್ತಿದ್ದೆ. ಒಂದಿನ ಹಂಗೇ ಹೇಳ್ತಿರುವಾಗ ಅಕ್ಕಿ ಡಬ್ಬದ ಹಿಂದೆ ಕೆಂಪು ಲೈಟು ಕಂಡ್ತು. ನಮ್ಮನೆಯವ್ರ ಟೇಪು. ಒಳಗೆ ಕ್ಯಾಸೆಟ್ ತಿರುಗ್ತಾ ಐತೆ. ಜಂಪಣ್ಣ ಹಿಂದಿನ ವಾರ ಇವ್ರು ಇಲ್ಲದಾಗ ಬಂದು ನೀರು ಕುಡ್ದು ಹೋಗಿದ್ದ, ಅದಕ್ಕೆ ಇಟ್ಟವ್ರೆ ಅಂತ ತಿಳೀತು. ಒಂದು ಮಾತು ಕೇಳಿದ್ರೆ ಹೇಳ್ತಿರಲಿಲ್ವ ನಾನು? ಮಗು ಹೂಂ ಹೂಂ ಅಂತಾನೇ ಐತೆ. ನಂಗೆ ಬಾಯೇ ಬರ್ಲಿಲ್ಲ. ಅವತ್ತಿಂದ ಆ ಮನೇಲಿ ಎಷ್ಟು ಬೇಕೋ ಅಷ್ಟೇ ಮಾತು. ಕತೇನೂ ಬಿಟ್ಟೆ. ಆ ಮಗು ಏನ್ ಮಾಡಿತ್ತಪ್ಪ ಪಾಪ." ತಗಡಪ್ಪ ಹೂಂ ಅಂದ. ಅವಳು ಕಣ್ಣೊರೆಸಿಕೊಂಡು ಎದ್ದಳು. ನನ್ನ ವೈರನ್ನು ಅವಳು ನೋಡಿದ್ದಳೋ ಇಲ್ಲವೋ ಗೊತ್ತಿಲ್ಲ, ಕೇಳುವ ಧೈರ್ಯವಿಲ್ಲ.

ಅವಳು ಹೇಳಿದ್ದೆಲ್ಲ ನಿಜ. ಎರಡು ಮಧ್ಯಾಹ್ನ, ಊಟ ಮಾಡಿ ಅಂಗಡಿಗೆ ಹೊರಡುವಾಗ ಬಟನ್ ಒತ್ತಿ ಹೋಗಿದ್ದೆ, ದಿನಕ್ಕೆ ಕ್ಯಾಸೆಟ್ಟಿನ ಒಂದೊಂದು ಮಗ್ಗುಲು. ಸಾಯಂಕಾಲ ಅಂಗಡಿಯಲ್ಲಿ ಕೂತು ಕೇಳಿದೆ. ಜಂಪಣ್ಣ ಇರಲಿಲ್ಲ. ಇದ್ದದ್ದು ಅವಳ ಕತೆ, ನಿನ್ನ ಹೂಂ. ಎರಡನೆಯ ದಿನದ್ದರಲ್ಲಿ ಕತೆ ನಡುವೆಯೇ ನಿಂತುಹೋಗಿತ್ತು. "ಆಮೇಲೆ ಅಮ್ಮ? ಆಮೇಲೆ?" ಎಂದು ನೀನು ಕೇಳುತ್ತಲೇ ಇದ್ದೆ. ಅವಳಿಗೆ ನಿದ್ದೆ ಹತ್ತಿರಬೇಕು ಎಂದುಕೊಂಡೆ. ಏನೂ ಸಿಗಲಿಲ್ಲವಲ್ಲ ಎಂದು ಸಮಾಧಾನವಾಗುವ ಬದಲು ಸಿಟ್ಟು ಬಂತು. ಜಂಪಣ್ಣನಿಗೆ ಇನ್ನು ಬರಬೇಡ ಎಂದೆ. ಅದೇ ಕ್ಯಾಸೆಟ್ಟಿನ ಮೇಲೆ, ಎರಡೂ ಮಗ್ಗುಲಿಗೆ, ಆ ಹನ್ನೆರಡು ಭವಿಷ್ಯಗಳನ್ನು ನಾನೇ ಹೇಳಿ ತುಂಬಿದೆ.

ಅಮ್ಮ ಯಾಕೆ ನನಗೆ ಒಂದೂ ಕತೆ ಹೇಳಲಿಲ್ಲ ಎಂದು ನೀನು ಹೈಸ್ಕೂಲಿನಲ್ಲಿದ್ದಾಗ ನನ್ನನ್ನು ಕೇಳಿದ್ದೆ. ಅವಳಿಗೆ ಬರುವುದಿಲ್ಲ ಎಂದು ಹೇಳಿದ್ದೆ ನಾನು.

ಕ್ಯಾಸೆಟ್ಟು ಇನ್ನೂ ನನ್ನ ಹತ್ತಿರ ಇದೆ.

ನಿನ್ನ ಲ್ಯಾಬಿನಲ್ಲಿ ಏನೇನೋ ಯಂತ್ರಗಳಿವೆಯಲ್ಲ, ನನ್ನ ದನಿಯ ಅಡಿಯಿಂದ ಅವಳ ದನಿಯನ್ನು ಎತ್ತಲು ಬರುತ್ತದೆಯೇ ಸ್ವಾತಿ? ಟೇಪು ಮೊದಲು ಹಳೆಯದನ್ನು ಪೂರ್ತಿ ಅಳಿಸಿ ಆಮೇಲೆ ಹೊಸದನ್ನು ಬರೆದುಕೊಳ್ಳುತ್ತದೆ, ಹೋದದ್ದು ಹೋದಂತೆಯೇ ಎಂದು ಎಷ್ಟೋ ಗಿರಾಕಿಗಳಿಗೆ ನಾನೇ ಹೇಳಿ ಕಳಿಸಿದ್ದೇನೆ. ಆಗುವುದಿಲ್ಲ ಎಂದು ನನಗೆ ಗೊತ್ತು. ಆದರೂ ಕೇಳುತ್ತಿದ್ದೇನೆ.